ಕುರ್ಚಿಗೆ ಟವೆಲ್ ಹಾಕಿ ಕುಳಿತ ಚಾಚಾ

ಹೋದ ವಾರ ಗೋವಾದ ದಾಬೋಲಿಮ್ ವಿಮಾನ ನಿಲ್ದಾಣದಲ್ಲಿ, ಪ್ರಯಾಣಿಕರು ಕಾಯುವ ಹಾಲಿನ ಒಂದು ಕುರ್ಚಿಯ ಮೇಲೆ ಟವೆಲ್ ಬಿದ್ದಿತ್ತು. ಬಿದ್ದಿತ್ತು ಅನ್ನುವುದು ತಪ್ಪು, ಯಾರೋ ಹಾಸಿದ್ದರು. ಬಿಳಿ ಟವೆಲ್, ಕೆಂಪು ಅಂಚು. ಒಂದು ತುದಿಯನ್ನು ಜಾರದ ಹಾಗೆ ಕುರ್ಚಿಯ ಕೈಗೆ ಸುತ್ತಿದ್ದರು. ನನ್ನ ಜೊತೆ ಅಲ್ಲಿ ಸ್ವಚ್ಛತೆಯ ಕೆಲಸ ಮಾಡುವವಳು ಅದನ್ನು ಎತ್ತಿ, ಮರೆತುಹೋದ ಸಾಮಾನು ಇಡುವ ಕೋಣೆಗೆ ಕೊಡಲು ಹೊರಟಳು. ಬಿಡು, ಯಾರೋ ಸೀಟು ಹಿಡಿದಿದ್ದಾರೆ ಅಂದೆ. ವಿಮಾನ ನಿಲ್ದಾಣದಲ್ಲಿ ಸೀಟು ಹಿಡಿಯುತ್ತಾರೆಯೇ ಎಂದು ಅವಳು ನಕ್ಕಳು. ಅವಳು ಇಲ್ಲಿಯವಳೇ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ತೂರಿ ಸೀಟು ಹಿಡಿಯುವ ನಮ್ಮ ಕಡೆಯವರ ವಿದ್ಯೆ ಅವಳಿಗೇನು ಗೊತ್ತು. ಟವೆಲಿನಿಂದ ಕೊಬ್ಬರಿ ಎಣ್ಣೆ ಮತ್ತು ಬೀಡಿಯ ವಾಸನೆ ಬರುತ್ತಿತ್ತು. ಆ ವಾಸನೆಗೆ ನನ್ನ ಕೈಯಲ್ಲಿದ್ದ ಮಾಪು ಅಲ್ಲೇ ನಿಂತಿತು. ನಮ್ಮ ಪಕ್ಕದ ಮನೆಯ ಚಾಚಾ ಎದುರಿಗೆ ಬಂದು ಕುಳಿತ ಹಾಗಾಯಿತು...

ವಾಸ್ಕೊದ ಬಾಯ್ನಾ ಕಡಲದಂಡೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ತಗಡು. ನಾವು ಬಾಗಲಕೋಟೆ ಕಡೆಯಿಂದ ಬಂದವರು, ಅವರು ವಿಜಯಪುರದ ಆಚೆಯವರು. ತಗಡಿನ ಆ ಕಡೆ ಅವರ ಮನೆಯಲ್ಲಿ ಕೆಮ್ಮಿದರೆ ಈ ಕಡೆ ನಮ್ಮವ್ವ ಕಷಾಯಕ್ಕೆ ನೀರಿಡುತ್ತಿದ್ದಳು. ಅಲ್ಲಿನ ಮನೆಗಳನ್ನು ಸರ್ಕಾರದವರು ಕೆಡವಿದ ಮೇಲೆ ಎರಡೂ ಮನೆಯವರು ದಾಬೋಲಿಮ್ ಹತ್ತಿರ ಸಾಲು ಕೋಣೆಗಳ ಒಂದು ಚಾಳಿಗೆ ಬಂದೆವು. ಅಲ್ಲಿಯೂ ಅಕ್ಕಪಕ್ಕವೇ. ಚಾಚಾ, ಚಾಚಿ, ಚಾಚಾನ ತಾಯಿ, ಇಷ್ಟೇ ಅವರ ಸಂಸಾರ. ಮಕ್ಕಳಿರಲಿಲ್ಲ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ಮಗಳ ಅನ್ನುತ್ತಿದ್ದರು, ಅಷ್ಟೇ. ಅವರ ತಾಯಿಯನ್ನು ಇಡೀ ಚಾಳು ದಾದಿ ಅನ್ನುತ್ತಿತ್ತು.

ಚಾಚಾ ವಾಸ್ಕೊ ಮಡಗಾಂವ್ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರು. ಕಂಡಕ್ಟರು ಅನ್ನುವುದಕ್ಕಿಂತ ಬಸ್ಸಿನ ಗಂಟಲು ಅನ್ನಬೇಕು. ಮೆಟ್ಟಿಲ ಮೇಲೆ ಒಂದು ಕಾಲು, ಗಾಳಿಯಲ್ಲಿ ಒಂದು ಕಾಲು, ಮಡ್ಗಾಂ ಮಡ್ಗಾಂ ಮಡ್ಗಾಂ ಎಂದು ಒದರಿದರೆ ಮನೆಯಲ್ಲಿ ಮಲಗಿದವರಿಗೂ ಒಮ್ಮೆ ಮಡಗಾಂವಿಗೆ ಹೋಗಿಬರೋಣ ಅನಿಸಬೇಕು. ಅವರ ಇನ್ನೊಂದು ಗುಣಕ್ಕೆ ಡ್ರೈವರು ದಿನಾ ಬೈಯುತ್ತಿದ್ದ. ದೂರದಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸು ಓಡಿ ಬರುವುದು ಕಂಡರೆ, ರಾವ್ ರೇ, ಬಾಯ್ ಯೆತಾ, ನಿಲ್ಲೋ, ಅಕ್ಕ ಬರುತ್ತಿದ್ದಾಳೆ ಎಂದು ಕೊಂಕಣಿಯಲ್ಲಿ ಕೂಗಿ ಬಸ್ಸು ನಿಲ್ಲಿಸುವರು. ಬೇಕಾದರೆ ಇಳಿದು ಬುಟ್ಟಿಗೆ ಕೈ ಕೊಡುವರು. ಬಸ್ಸಿನವನು ಹಿಂದೆ ನೋಡದೆ ಹೋಗಬಾರದು ಅನ್ನುವುದು ಅವರ ಧರ್ಮ. ಹಿಂದಿನ ಬಸ್ಸಿನವರು ಹಾರ್ನ್ ಒತ್ತಿ ಒತ್ತಿ ಸಾಯುತ್ತಿದ್ದರು, ಇವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮಾಲೀಕ ಬಸ್ಸು ಮಾರಿದ. ಕೆಲಸ ಹೋಯಿತು. ಯಾರೋ ಏಜೆಂಟ್ ಕೊಲ್ಲಿ ದೇಶದ ಕಂಪನಿಯೊಂದರ ಕೆಲಸಗಾರರ ಅಡುಗೆಮನೆಗೆ ಆಳು ಬೇಕು ಎಂದ. ಚಾಚಾ ಹೊರಟರು. ಹೋಗುವಾಗ ಗುಂಪಿನಲ್ಲಿ ಹೋದದ್ದು. ಏಜೆಂಟನೇ ಕುರಿ ಎಣಿಸಿದ ಹಾಗೆ ಎಣಿಸಿ ವಿಮಾನ ಹತ್ತಿಸಿದ್ದ. ಹಾಗಾಗಿ ಒಬ್ಬರೇ ವಿಮಾನ ಹಿಡಿಯುವ ಪ್ರಸಂಗ ಅವರಿಗೆ ಬಂದೇ ಇರಲಿಲ್ಲ, ದಾದಿ ಹಾಸಿಗೆ ಹಿಡಿಯುವವರೆಗೆ.

ದಾದಿಯ ಬಾಯಲ್ಲಿ ಕೊನೆಗೆ ಉಳಿದದ್ದು ಒಂದೇ ಮಾತು, ಬಂದನೇನು ಅನ್ನುವುದು. ಬಾಗಿಲು ಸದ್ದಾದರೂ ಅದೇ, ಬೆಕ್ಕು ಹಾರಿದರೂ ಅದೇ. ಡಾಕ್ಟರು ಚಾಚಿಯನ್ನು ಪಕ್ಕಕ್ಕೆ ಕರೆದು, ಬರುವವರಿದ್ದರೆ ಬೇಗ ಕರೆಸಿ ಅಂದರು. ತಕ್ಷಣಕ್ಕೆ ಸಿಕ್ಕ ಟಿಕೆಟ್ಟಿನಲ್ಲಿ ನಡುವೆ ಇನ್ನೊಂದು ದೇಶದ ನಿಲ್ದಾಣದಲ್ಲಿ ಇಳಿದು ಬೆಳಗಿನಿಂದ ಮಧ್ಯಾಹ್ನದವರೆಗೆ ಕಾಯಬೇಕಿತ್ತು. ಸಂಜೆಗೆ ಗೋವಾ. ದಾದಿಯ ಜೀವ ಅಷ್ಟರವರೆಗೆ ತಡೆಯಲಿ ಎಂದು ಎರಡೂ ಮನೆಯಲ್ಲಿ ಹರಕೆ ಹೊತ್ತರು.

ಚಾಳಿನಲ್ಲಿ ವಿಮಾನದ ವಿಷಯಕ್ಕೆ ನಾನೇ ಪಂಡಿತೆ. ವಿಮಾನ ಹತ್ತಿದವಳಲ್ಲ, ಹತ್ತಿ ಇಳಿದವರ ಕಸ ಗುಡಿಸಿದವಳು. ಆದರೂ ನಿಲ್ದಾಣದ ಗಾಳಿ ಕುಡಿದವಳು ನಾನೊಬ್ಬಳೇ. ಚಾಚಾ ಆ ಊರಲ್ಲಿ ಇಳಿದ ಕೂಡಲೇ ನನಗೆ ಫೋನ್ ಮಾಡಿದರು. ಅವರ ಸಿಮ್ ಅಲ್ಲಿ ನಡೆಯುತ್ತಿರಲಿಲ್ಲ. ನಿಲ್ದಾಣದವರು ಬಿಟ್ಟಿ ಕೊಡುವ ಇಂಟರ್ನೆಟ್ ಇತ್ತು, ಅದೂ ಸ್ವಲ್ಪ ಹೊತ್ತಿನದು. ಪಕ್ಕದಲ್ಲಿ ಕುಳಿತ ಕೇರಳದವನೊಬ್ಬ ಹಾಕಿಕೊಟ್ಟಿದ್ದನಂತೆ. ಅಷ್ಟು ಹೊತ್ತು ಸುಮ್ಮನೆ ಕುಳಿತು ತಾಯಿಯ ಚಿಂತೆ ಮಾಡಿದರೆ ಮನುಷ್ಯ ಅರ್ಧ ಆಗುತ್ತಾನೆ ಎಂದು ನಾನು ಅವರಿಗೆ ಕೆಲಸ ಹಚ್ಚಿದೆ. ಮುಖ ತೊಳೆಯಿರಿ, ಅಂಗಿ ಬದಲಿಸಿ, ಕುಡಿಯುವ ನೀರಿನ ನಳ ಹುಡುಕಿ ಬಾಟಲಿ ತುಂಬಿಕೊಳ್ಳಿ, ನಮಾಜಿನ ಕೋಣೆ ಇರುತ್ತದೆ, ಅಲ್ಲಿ ಕಾಲು ಚಾಚಿ ಮಲಗಿದರೂ ಯಾರೂ ಏನೂ ಅನ್ನುವುದಿಲ್ಲ, ಒಂದು ಸುತ್ತು ಅಂಗಡಿ ನೋಡಿ, ನೋಡಲು ಕಾಸು ಕೊಡಬೇಕಿಲ್ಲ. ಚಾಚಾ ಹೇಳಿದ್ದನ್ನೆಲ್ಲ ಮಾಡಿದರು. ಮಾಡಿದ್ದನ್ನು ಫೋನಿನ ವಿಡಿಯೊದಲ್ಲಿ ತೋರಿಸಿದರು. ಮರಳುಗಾಡಿನ ನಡುವೆ ಗಾಜಿನ ಮನೆಯೊಳಗೆ ಕಾರಂಜಿ, ಬಂಗಾರದ ಅಂಗಡಿ, ಅತ್ತರಿನ ಅಂಗಡಿ. ಅತ್ತರಿನ ಹುಡುಗ ಇವರ ಮಣಿಕಟ್ಟಿಗೆ ಪುಕ್ಕಟೆಯಾಗಿ ಒಂದಿಷ್ಟು ಹಚ್ಚಿದ್ದನಂತೆ. ಆ ಕೈಯನ್ನು ತೊಳೆಯದೆ ಅಮ್ಮನಿಗೆ ಮೂಸಿಸುತ್ತೇನೆ ಎಂದು ಎಡಗೈಯಿಂದಲೇ ಎಲ್ಲ ಕೆಲಸ ನಡೆಸಿದ್ದರು. ಅಲ್ಲಿನ ಪಾಯಖಾನೆ ನೋಡಿ ಮಾತ್ರ ಅವರಿಗೆ ಮಾತು ತಡೆಯಲಾಗಲಿಲ್ಲ.

“ಮಗಳ, ನೆಲದಾಗ ಮಾರಿ ಕಾಣತೈತಿ ನೋಡು, ಅಷ್ಟ ಸ್ವಚ್ಛ ಇಟ್ಟಾರ. ನಿಮ್ಮ ಸಾಹೇಬ್ರಿಗೆ ತೋರಸು.”

ನಕ್ಕೆ. ಅವರೂ ನಕ್ಕರು.

ಇಂಟರ್ನೆಟ್ ಮುಗಿಯುವ ಮೊದಲು ಇನ್ನೊಮ್ಮೆ ಫೋನ್ ಮಾಡಿದರು. ಟಿಕೆಟ್ಟಿನಲ್ಲಿ ಬರೆದ ಗೇಟು ಹುಡುಕಿ ಹೋಗಿ ಕುಳಿತಿದ್ದರು. ಮೇಲೆ ಟಿವಿಯಲ್ಲಿ ಗೇಟಿನ ನಂಬರು ಬದಲಾಗುತ್ತಿರುತ್ತದೆ, ಆಗಾಗ ಯಾರನ್ನಾದರೂ ಕೇಳುತ್ತಿರಿ ಎಂದು ನಾನು ಒತ್ತಿ ಹೇಳಿದೆ. ಚಾಚಾ ಫೋನ್ ತಿರುಗಿಸಿ ಗಾಜಿನ ಬಾಗಿಲನ್ನೂ, ಅದರ ಎದುರಿಗಿದ್ದ ಕುರ್ಚಿಯನ್ನೂ ತೋರಿಸಿದರು.

“ಬಾಗಲಾ ಮುಂದಿನ ಖುರ್ಚಿಗೆ ಟವೆಲ್ ಹಾಕೇನಿ. ಇನ್ನ ನನ್ನ ಬಿಟ್ಟ ವಿಮಾನ ಹೆಂಗ ಹೋಗತೈತಿ? ಬಿಡೂಮುಂದ ಒಬ್ಬರರ ಒದರೂದಿಲ್ಲೇನು?”

ಮಾತು ಮುಗಿಯುವ ಮೊದಲೇ ಚಿತ್ರ ನಿಂತುಹೋಯಿತು. ಮತ್ತೆ ಫೋನ್ ಹತ್ತಲಿಲ್ಲ.

ದಾದಿ ಹೋದದ್ದು ಅದಾದ ಸ್ವಲ್ಪ ಹೊತ್ತಿಗೆ. ಚಾಚಿ ಚಮಚದಲ್ಲಿ ನೀರು ಹಾಕುತ್ತಿದ್ದರು, ನೀರು ಹೊರಗೆ ಹರಿಯಿತು. ಚಾಚಾನಿಗೆ ತಿಳಿಸೋಣವೆಂದರೆ ದಾರಿಯೇ ಇಲ್ಲ. ಮಸೀದಿಯ ಹಿರಿಯರು ಬಂದರು. ಸತ್ತವರನ್ನು ಬೇಗ ಮಣ್ಣು ಮಾಡಬೇಕು, ತಡ ಮಾಡಬಾರದು ಅನ್ನುವುದು ಅವರ ಪದ್ಧತಿ. ಆದರೂ ಒಬ್ಬನೇ ಮಗ, ಹೊರಟಿದ್ದಾನೆ, ಸಂಜೆ ಇಳಿಯುತ್ತಾನೆ, ತಾಯಿಯ ಮುಖ ನೋಡಿ ತನ್ನ ಕೈಯಿಂದ ಮಣ್ಣು ಹಾಕಲಿ ಎಂದು ಕಾಯಲು ಒಪ್ಪಿದರು. ಹೆಂಗಸರು ಮೈ ತೊಳೆಸಿ ಬಿಳಿ ಬಟ್ಟೆ ಸುತ್ತಿ, ಮುಖ ಮಾತ್ರ ತೆರೆದಿಟ್ಟರು. ನಮ್ಮವ್ವ ಹೊಸಿಲಲ್ಲಿ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಸಂಜೆ ಅವರ ವಿಮಾನ ಇಳಿಯಿತು. ನಾನು ಯೂನಿಫಾರಮಿನಲ್ಲೇ ಹೊರಬರುವ ಬಾಗಿಲ ಹತ್ತಿರ ನಿಂತೆ. ಎದುರಿಗೆ ಸಿಕ್ಕ ಕೂಡಲೇ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಪೆಟ್ಟಿಗೆ ತಳ್ಳಿಕೊಂಡು ಒಬ್ಬೊಬ್ಬರೇ ಬಂದರು. ತಬ್ಬಿಕೊಳ್ಳುವವರು ತಬ್ಬಿಕೊಂಡರು, ಟ್ಯಾಕ್ಸಿಯವರು ಕೈ ಹಿಡಿದು ಎಳೆದರು. ಜನ ಕರಗಿದರು. ವಿಮಾನದ ಸಿಬ್ಬಂದಿಯೂ ನಡೆದು ಹೋದರು. ಆ ಮೇಲೆ ಬಾಗಿಲು ತೆರೆಯಲೇ ಇಲ್ಲ. ಒಳಗೆ ಹೋಗಿ ಪಾಯಖಾನೆಗಳನ್ನೆಲ್ಲ ತಟ್ಟಿ ನೋಡಿ ಬಂದೆ. ಇನ್ನೇನು ಮಾಡಬೇಕು ತಿಳಿಯದೆ ಮನೆಗೆ ಓಡಿದೆ.

ಮನೆ ಮುಂದೆ ಗಂಡಸರು ಎದ್ದು ನಿಂತು ನನ್ನ ಹಿಂದೆ ಚಾಚಾ ಬರುತ್ತಾರೆಂದು ನೋಡುತ್ತಿದ್ದರು. ಆಗಲೇ ಚಾಚಾನ ಫೋನ್ ಬಂತು. ಯಾರದೋ ಕೈಕಾಲು ಹಿಡಿದು ಅವರ ಫೋನಿನಿಂದ ಮಾಡಿದ್ದು.

ನಡೆದದ್ದು ಇಷ್ಟು. ಗೇಟು ಬದಲಾಗಿತ್ತು. ಅದು ಟಿವಿಯಲ್ಲಿ ಬಂದಿದೆ, ಬಾಯಲ್ಲಿ ಯಾರೂ ಹೇಳಲಿಲ್ಲ. ಸುತ್ತ ಇದ್ದವರು ಒಬ್ಬೊಬ್ಬರೇ ಎದ್ದು ಹೋದಾಗ ಚಾಚಾ, ಚಹಾ ಕುಡಿಯಲು ಹೋಗುತ್ತಿರಬೇಕು, ಪಾಪ ಸೀಟು ಕಳೆದುಕೊಳ್ಳುತ್ತಾರೆ ಅಂದುಕೊಂಡರು. ಹೊಸ ಜನ ಬಂದು ಸಾಲು ನಿಂತಾಗ ಎಲ್ಲರಿಗಿಂತ ಮುಂದೆ ನಿಂತವರು ಇವರೇ. ಬಾಗಿಲಲ್ಲಿದ್ದ ಹುಡುಗಿ ಚೀಟಿ ನೋಡಿ ತಲೆ ಅಲ್ಲಾಡಿಸಿದಳು. ಬೆರಳು ತೋರಿಸಿದ ಕಡೆ ಓಡಿದರು. ಆ ನಿಲ್ದಾಣದ ಇನ್ನೊಂದು ತುದಿ ಅದು. ಮುಟ್ಟುವ ಹೊತ್ತಿಗೆ ವಿಮಾನ ಗಾಜಿನ ಆಚೆ ಹಿಂದೆ ಸರಿಯುತ್ತಿತ್ತು. ಕೈ ಬೀಸಿದರಂತೆ, ಗಾಜು ಬಡಿದರಂತೆ. ಮುಂದಿನ ವಿಮಾನ ಮರುದಿನ.

“ಎಷ್ಟ ಮಂದೀನ ಕರದ ಕರದ ಹತ್ತಿಸೇನಿ,” ಅಂದರು. “ನನ್ನ ಒಬ್ಬರೂ ಕರೀಲಿಲ್ಲ ಮಗಳ.”

ಅವರಿಗೆ ಇನ್ನೂ ತಾಯಿ ಹೋದದ್ದು ಗೊತ್ತಿರಲಿಲ್ಲ. ಸುತ್ತ ಅಷ್ಟು ಗಂಡಸರಿದ್ದರು, ಒಬ್ಬರೂ ಫೋನಿಗೆ ಕೈ ಚಾಚಲಿಲ್ಲ. ಎಲ್ಲರೂ ನೆಲ ನೋಡಿದರು. ನಾನೇ ಹೇಳಿದೆ. ಬಾಯಿಪಾಠ ಮಾಡಿದ್ದು ಒಂದಕ್ಷರ ನೆನಪಿಗೆ ಬರಲಿಲ್ಲ.

“ದಾದಿ ಹೋದರ್ರಿ, ಚಾಚಾ.”

ಫೋನಿನಲ್ಲಿ, ಅವರ ಹಿಂದೆ ಯಾವುದೋ ಮಗು ನಗುವುದು, ಪೆಟ್ಟಿಗೆಯ ಚಕ್ರ ಉರುಳುವುದು ಕೇಳುತ್ತಿತ್ತು. ಹಿರಿಯರು ನನಗೇ ಸನ್ನೆ ಮಾಡಿದರು, ಕೇಳು ಎಂದು. ನಾಳೆಯವರೆಗೆ ಇಡುವುದು ಸರಿಯಲ್ಲ, ಮಗ ಒಂದು ಮಾತು ಹೇಳಿಬಿಟ್ಟರೆ ಮಣ್ಣು ಮಾಡುತ್ತೇವೆ ಎಂದು. ಕಡಲಿನ ಆಚೆ ಕುರ್ಚಿಯ ಮೇಲೆ ಕುಳಿತ ಮನುಷ್ಯನಿಗೆ, ನಿಮ್ಮ ತಾಯಿಯನ್ನು ನೀವಿಲ್ಲದೆ ಹೂಳೋಣವೇ ಎಂದು ಹೇಗೆ ಕೇಳುವುದು? ಕೇಳಿದೆ. ಬೇರೆ ದಾರಿ ಇರಲಿಲ್ಲ.

ಚಾಚಾ ಮಾತಾಡಿದರು. ವಾಸ್ಕೊದ ಬಸ್ ಸ್ಟ್ಯಾಂಡನ್ನೆಲ್ಲ ತುಂಬುತ್ತಿದ್ದ ಆ ಗಂಟಲು ಕೇಳಿಸಿಕೊಳ್ಳಲು ನಾನು ಫೋನನ್ನು ಕಿವಿಗೆ ಒತ್ತಿಕೊಳ್ಳಬೇಕಾಯಿತು.

“ಕಾಯಬ್ಯಾಡಂತ ಹೇಳು. ಅಮ್ಮಾನ ಕಾಯಸೂದು ಚಲೋ ಅಲ್ಲ.”

ನಾನು ಹೂಂ ಅಂದೆ. ಹಿರಿಯರಿಗೆ ಹೇಳಿದೆ. ಅವರು ದಾದಿಯ ಮುಖದ ಮೇಲೆ ಬಟ್ಟೆ ಮುಚ್ಚಿದರು.

ಮರುದಿನ ಚಾಚಾ ಬಂದಾಗ ಗೋರಿಯ ಮಣ್ಣು ಇನ್ನೂ ಹಸಿ ಇತ್ತು. ಅಲ್ಲಿ ಕುಳಿತು ಎಷ್ಟೋ ಹೊತ್ತು ಅಂಗೈಯಿಂದ ಆ ಮಣ್ಣು ಸವರಿದರು ಎಂದು ಜೊತೆಗೆ ಹೋದವರು ಹೇಳಿದರು. ಮತ್ತೆ ಅವರು ಕೊಲ್ಲಿಗೆ ಹೋಗಲಿಲ್ಲ. ಬೇರೆ ಮಾಲೀಕರ ಬಸ್ಸಿನಲ್ಲಿ ಕೆಲಸ ಸಿಕ್ಕಿತ್ತು, ಆದರೆ ಮೆಟ್ಟಿಲ ಮೇಲೆ ಸುಮ್ಮನೆ ನಿಲ್ಲುತ್ತಿದ್ದರು. ಒದರದ ಕಂಡಕ್ಟರನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೊನೆಗೆ ಚಾಚಿಯನ್ನು ಕರೆದುಕೊಂಡು ವಿಜಯಪುರದ ಕಡೆಯ ತಮ್ಮ ಊರಿಗೆ ಹೊರಟುಹೋದರು. ಪಕ್ಕದ ಕೋಣೆಗೆ ಯಾರೋ ಒಡಿಶಾದವರು ಬಂದರು...

ಕೆಲವು ವರ್ಷಗಳ ಮೇಲೆ ಒಂದು ಮಳೆಗಾಲದ ಬೆಳಿಗ್ಗೆ ಚಾಚಿ ಫೋನ್ ಮಾಡಿದರು. ಚಾಚಾ ಮಲಗಿದಲ್ಲಿಯೇ ಹೋಗಿದ್ದರು. ನಾನು ಸಿಕ್ಕ ಬಸ್ಸು ಹತ್ತಿದೆ. ಗೋವಾ ಗಡಿಯ ಅನ್ಮೋಡ ಘಾಟಿನಲ್ಲಿ ಗುಡ್ಡ ಜರಿದು ಲಾರಿ ಬಸ್ಸುಗಳ ಸಾಲು ನಿಂತಿತ್ತು. ಮುಂದೆ ಹೋಗುವಂತಿಲ್ಲ, ಇಳಿದು ನಡೆಯುವಂತಿಲ್ಲ. ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ಮಳೆ ನೋಡುತ್ತ ಕುಳಿತಿದ್ದೆ. ಚಾಚಿಯ ಫೋನ್ ಮತ್ತೆ ಬಂತು.

“ಎಲ್ಲಿ ಅದೀಯವಾ? ಮಗಳ ಮಗಳ ಅಂತಿದ್ರು, ನೀ ಬರೂಮಟಾ ತಡೀರಿ ಅಂತ ಹಿರ್ಯಾರಿಗೆ ಹೇಳ್ಲೇನು?”

ಮುಂದಿನ ಸೀಟಿನವರು ಈ ರಸ್ತೆ ಇವತ್ತು ತೆರೆಯುವುದಿಲ್ಲ ಅನ್ನುತ್ತಿದ್ದರು.

“ಬ್ಯಾಡ್ರಿ ಚಾಚಿ,” ಅಂದೆ. “ಕಾಯಬ್ಯಾಡ್ರಿ.”

ಚಾಚಿ ಆಗಲಿ ಅಂದರು. ಫೋನ್ ಇಟ್ಟರು. ಸಂಜೆ ಬಸ್ಸು ಅಲ್ಲಿಂದಲೇ ವಾಸ್ಕೊಗೆ ತಿರುಗಿತು.

ಈಗಲೂ ಹಬ್ಬದ ದಿನ ಚಾಚಿ ಫೋನ್ ಮಾಡುತ್ತಾರೆ, ಊಟ ಆಯಿತೇನು ಎಂದು ಕೇಳುತ್ತಾರೆ. ಆವತ್ತಿನ ಮಾತು ಇಬ್ಬರೂ ಎತ್ತುವುದಿಲ್ಲ. ಆದರೆ ನನಗೆ ಗೊತ್ತು, ಕಾಯಬೇಡಿ ಎಂದು ಬಾಯಿ ಹೇಳುವಾಗ, ಇಲ್ಲ, ಇನ್ನೊಂದು ಗಳಿಗೆ ನೋಡುತ್ತೇವೆ ಎಂದು ಆ ಕಡೆಯಿಂದ ಯಾರಾದರೂ ಅನ್ನಲಿ ಎಂದು ಒಳಗೊಳಗೇ ಎಷ್ಟು ಹಂಬಲಿಸಿದ್ದೆ ಎಂದು. ಚಾಚಾನಿಗೂ ಆ ಆಸೆ ಇದ್ದಿರಬೇಕು. ಕಾಯಬೇಡಿ ಅಂದ ಮೇಲೂ ಬಹಳ ಹೊತ್ತು ಅವರು ಫೋನ್ ಇಟ್ಟಿರಲಿಲ್ಲ.