ಒಂದೇ ಗುಂಡಿನ ಶುಕ್ರವಾರಗಳು

ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಕಂಡರೆ ಬೇರೆಯವರಿಗೆ ಏನನ್ನಿಸುತ್ತದೋ ಕಾಣೆ, ನನಗೆ ಮಾತ್ರ ಗಾಳಿ ಕಾಣಿಸುತ್ತದೆ. ಮೊನ್ನೆ ಕುವೈತಿನ ಮಹಬೂಲಾದ ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಮೂರನೇ ಮಹಡಿಯಲ್ಲಿ ಯಾರದೋ ಲುಂಗಿ ಮೆಲ್ಲಗೆ ಎಡಕ್ಕೆ ವಾಲುತ್ತಿತ್ತು, ಮೇಲೆಲ್ಲೋ ಒಂದು ಬೆಡ್‌ಶೀಟು ಬಲಕ್ಕೆ ಪಟಪಟ ಬಡಿದುಕೊಳ್ಳುತ್ತಿತ್ತು. "ಕೆಳಗೊಂದು ಗಾಳಿ, ಮೇಲೊಂದು ಗಾಳಿ. ಹೊಡೀಬಾರದು," ಎಂದು ನನ್ನ ಬಾಯಿ ತಾನಾಗಿಯೇ ಅಂದಿತು. ಸ್ಟೇರಿಂಗ್ ಹಿಡಿದಿದ್ದ ನಮ್ಮ ಯಜಮಾನರು ನನ್ನ ಕಡೆ ತಿರುಗಿ, "ಯಾರಿಗೆ ಹೊಡೀಬೇಕು ಅಂತಿದ್ದೆ, ಹೇಳ್ಬಿಡು, ಇಳ್ಕೊಂಡ್ಬಿಡ್ತೀನಿ," ಎಂದರು.

ನೀವು ಗಾಬರಿಯಾಗಬೇಡಿ. ನಾನು ಹಲ್ಲಿನ ಡಾಕ್ಟರು. ಸಲ್ವಾದ ಕ್ಲಿನಿಕ್ಕೊಂದರಲ್ಲಿ ದಿನವಿಡೀ ಊರಿನವರ ಬಾಯಿಗೆ ಕೈಹಾಕಿಕೊಂಡು ಬದುಕುವವಳು. ಬಂದೂಕಿನ ಹುಚ್ಚು ಹತ್ತಿದ್ದು ಮೈಸೂರಿನ ದಸರಾ ವಸ್ತುಪ್ರದರ್ಶನದ ಬಲೂನು ಅಂಗಡಿಯಲ್ಲಿ. ಮಂಡ್ಯದಿಂದ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದ ನಮ್ಮಪ್ಪ ಕಿವಿಯ ಹತ್ತಿರ ಬಗ್ಗಿ ಹೇಳಿಕೊಡುತ್ತಿದ್ದರು: "ನಳಿಗೆ ಸೊಟ್ಟ ಐತೆ ಕಣವ್ವ. ಬಲಗಡೇದಕ್ಕೆ ಗುರಿ ಇಡು, ಎಡಗಡೇದು ಒಡೀತದೆ." ಗಾಳಿಗೆ ತಕ್ಕಂತೆ ಗುರಿ ಸರಿಸಿಕೊಳ್ಳುವ ವಿದ್ಯೆಯನ್ನು ಆಮೇಲೆ ಯಾವ ಕೋಚೂ ಇದಕ್ಕಿಂತ ಚೆನ್ನಾಗಿ ಹೇಳಿಕೊಟ್ಟಿಲ್ಲ.

ಕುವೈತಿಗೆ ಬಂದ ಮೇಲೆ ಸಹೋದ್ಯೋಗಿಯೊಬ್ಬಳ ಜೊತೆ ಶೂಟಿಂಗ್ ಕ್ಲಬ್ಬಿಗೆ ಸುಮ್ಮನೆ ಹೋದೆ, ಹೋದವಳು ಅಲ್ಲೇ ಬಿದ್ದುಬಿಟ್ಟೆ. ನನ್ನದು ದೂರದ ಗುರಿ. ಮರಳಿನಾಚೆ ಬಿಸಿಲಿಗೆ ಅಲೆಯಲೆಯಾಗಿ ಕಾಣುವ ಹಲಗೆಗೆ ಚಾಪೆಯ ಮೇಲೆ ಬೋರಲು ಮಲಗಿ ಹೊಡೆಯುವ ಆಟ. ಅದರಲ್ಲೊಂದು ಸೌಕರ್ಯವಿದೆ. ಶುರುವಿನ ಒಂದೆರಡು ಗುಂಡು ಲೆಕ್ಕಕ್ಕಿಲ್ಲ. ಹೊಡೆಯಿರಿ, ಎಲ್ಲಿ ಬಿತ್ತು ನೋಡಿಕೊಳ್ಳಿ, ಬಂದೂಕಿನ ಮೇಲಿನ ದುರ್ಬೀನಿನ ತಿರುಪು ಸ್ವಲ್ಪ ತಿರುಗಿಸಿ, ಆಮೇಲೆ ನಿಜವಾದ ಆಟ. ಹೀಗೆ ಆಡಿ ಆಡಿ ಒಂದು ಕಪ್ಪು ಗೆದ್ದು, ಕ್ಲಿನಿಕ್ಕಿನ ಕಪಾಟಿನಲ್ಲಿ, ಪ್ಲಾಸ್ಟರಿನ ದವಡೆಗಳ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ವಿನಯ ನಮ್ಮ ವಂಶದಲ್ಲಿ ಸ್ವಲ್ಪ ಕಡಿಮೆ.

ಆ ಕಪ್ಪನ್ನು ಕಂಡವರು ಉಮ್ಮ್ ಖಾಲಿದ್. ದವಡೆ ಹಲ್ಲಿನ ನೋವಿಗೆ ಬಂದಿದ್ದ ಅರವತ್ತು ದಾಟಿದ ಕುವೈತಿ ಹೆಂಗಸು. ಅವರ ತಂದೆಗೆ ಬೊಂಬಾಯಿಯ ಜೊತೆ ವ್ಯಾಪಾರವಿತ್ತಂತೆ, ಹಾಗಾಗಿ ಬಾಯಿತುಂಬ ಹಿಂದಿ. ನಡುನಡುವೆ ಅರಬ್ಬಿ ಸೇರಿಸಿ ಮಾತಾಡುವ ಆ ಹಿಂದಿಯನ್ನು ನಿಮಗೆ ಕನ್ನಡದಲ್ಲೇ ಹೇಳುತ್ತೇನೆ. ಅರ್ಧ ಬಾಯಿ ಮರಗಟ್ಟಿದ್ದರೂ ಅವರು ಕಪ್ಪಿನತ್ತ ಬೆರಳು ತೋರಿಸಿ, "ದುಕ್ತೋರಾ, ಇದು ನಿನ್ನದಾ?" ಎಂದು ಕೇಳಿದರು. ಅವರು ವರ್ಷಕ್ಕೊಮ್ಮೆ ಪರವಾನಗಿ ಪಡೆದು ದಕ್ಷಿಣ ಆಫ್ರಿಕಾದ ಗುಡ್ಡಗಾಡಿಗೆ ಜಿಂಕೆ ಬೇಟೆಗೆ ಹೋಗುವವರು. ಚಿಕಿತ್ಸೆ ಮುಗಿಯುವಷ್ಟರಲ್ಲಿ ನಮಗೆ ಸ್ನೇಹವಾಗಿತ್ತು. ಕೊನೆಯ ದಿನ ಹೋಗುವಾಗ ಬಾಗಿಲಲ್ಲಿ ನಿಂತು, "ಈ ವರ್ಷ ನನ್ನ ಜೊತೆ ಬಾ," ಎಂದರು. ನನ್ನ ಎದೆ ಡವಗುಟ್ಟಿದ್ದು ಮುಂದಿನ ರೋಗಿಗೂ ಕೇಳಿಸಿರಬೇಕು.

ಮನೆಯಲ್ಲಿ ಹೇಳಿದೆ. ಯಜಮಾನರು, "ರಜ ಸಿಗತ್ತಾ?" ಎಂದಷ್ಟೇ ಕೇಳಿದರು. ತಕರಾರು ತೆಗೆದವಳು ನಮ್ಮ ಮಗಳು ಇಂಚರ. ಹದಿನಾಲ್ಕರ ಹುಡುಗಿ, ಎದುರಿಗೆ ಫ್ರೈಡ್ ಚಿಕನ್ನಿನ ಡಬ್ಬಿ ತೆರೆದುಕೊಂಡು ಕೂತಿದ್ದಳು. "ಅಮ್ಮಾ, ಇಟ್ ವಿಲ್ ಹರ್ಟ್," ಎಂದಳು.

"ನಿನ್ನ ಕೈಲಿರೋ ಕಾಲಿಗೆ ನೋವಾಗಿರಲಿಲ್ವೇನೆ?"

"ದಟ್ಸ್ ಡಿಫರೆಂಟ್. ಇದನ್ನ ನೀನು ಮಾಡ್ತಿದೀಯ." ಕೋಳಿಕಾಲು ಕೆಳಗಿಟ್ಟು ನನ್ನನ್ನೇ ನೋಡಿದಳು. "ನೋವಾಗಲ್ಲ ಅಂತ ಪ್ರಾಮಿಸ್ ಮಾಡ್ತೀಯಾ?"

"ಪ್ರಾಮಿಸ್," ಎಂದೆ. ಯೋಚನೆಯನ್ನೇ ಮಾಡಲಿಲ್ಲ. ಅಷ್ಟು ದೂರದ ಹಲಗೆಯ ನಡುಮಧ್ಯಕ್ಕೆ ಹೊಡೆಯುವವಳಿಗೆ ಎಮ್ಮೆ ಗಾತ್ರದ ಜಿಂಕೆ ಯಾವ ಲೆಕ್ಕ?

ಮುಂದಿನ ಶುಕ್ರವಾರ ಬೆಳಿಗ್ಗೆ ಉಮ್ಮ್ ಖಾಲಿದ್ ಕ್ಲಬ್ಬಿಗೆ ಬರಹೇಳಿದರು. ಹಲಗೆಯ ಬದಲು ಮಚ್‌ಬೂಸ್ ಅನ್ನ ಕಟ್ಟಿಸಿಕೊಂಡಾಗ ಕೊಡುವಂಥ ಒಂದು ಕಾಗದದ ತಟ್ಟೆಯನ್ನು ತೂಗುಹಾಕಿಸಿದ್ದರು. ನಾನು ಕಪ್ಪು ಗೆದ್ದ ದೂರದ ಅರ್ಧವೂ ಇಲ್ಲ. ನನಗೆ ನಗು ಬಂತು. ಗಾಳಿ ತೋರಿಸುವ ಬಾವುಟಗಳನ್ನು ತೆಗೆಸಿದ್ದರು, ಚಾಪೆಯ ಬದಲು ಒಂದು ಅಕ್ಕಿ ಮೂಟೆ ಇಡಿಸಿದ್ದರು. ಪಾರ್ಕಿಂಗಿನ ತನಕ ಓಡಿ ಬಾ ಎಂದರು. ಓಡಿಬಂದು ಏದುಸಿರು ಬಿಡುತ್ತಿರುವಾಗ ಕೈಗೆ ಒಂದೇ ಒಂದು ಗುಂಡು ಕೊಟ್ಟು, "ಯಲ್ಲಾ, ಹೊಡಿ," ಎಂದರು.

ಹೊಡೆದೆ. ಗುಂಡು ತಟ್ಟೆಯಿಂದ ಒಂದು ಗೇಣು ಬಲಕ್ಕೆ ಹೋಯಿತು.

ನನಗೇನೂ ಅನ್ನಿಸಲಿಲ್ಲ ನೋಡಿ. ದುರ್ಬೀನಿನ ತಿರುಪಿಗೆ ಕೈಹಾಕುತ್ತಾ, "ಗಾಳಿ ಗೊತ್ತಾಯ್ತು. ಇನ್ನೊಂದು ಕೊಡಿ, ಈಗ ನೋಡಿ ಹೇಗೆ ಹೊಡೀತೀನಿ," ಎಂದು ಕೈ ಚಾಚಿದೆ. ಹಲಗೆಗೆ ಹೊಡೆದು ಕಲಿತವರು ಮಾತ್ರ ಮಾಡುವ ತಪ್ಪು ಇದು.

ಅವರು ಗುಂಡು ಕೊಡಲಿಲ್ಲ. "ತಟ್ಟೆ ಜಿಂಕೆಯ ಎದೆ. ಅದು ಎಡಕ್ಕೆ ಮುಖಮಾಡಿ ನಿಂತಿತ್ತು. ನೀನು ಹೊಡೆದದ್ದು ಹೊಟ್ಟೆಗೆ. ಈಗ ಅದು ಓಡಿಹೋಗಿ ಯಾವುದೋ ಪೊದೆಯಲ್ಲಿ ಬಿದ್ದಿದೆ. ಸಾಯುವುದಕ್ಕೆ ನಾಳೆಯವರೆಗೂ ಹಿಡಿಯಬಹುದು," ಎಂದರು. ಆಮೇಲೆ ತಮ್ಮ ಕೆನ್ನೆ ಮುಟ್ಟಿಕೊಂಡು ಕೇಳಿದರು: "ದುಕ್ತೋರಾ, ನನ್ನ ಹಲ್ಲು ಕೊರೆಯುವಾಗ ಮೊದಲು ಅಂದಾಜಿಗೆ ಒಂದು ತೂತು ಕೊರೆದು ನೋಡಿದೆಯಾ?"

ಇಲ್ಲ. ಮರಗಟ್ಟಿದೆಯೋ ಇಲ್ಲವೋ ಎಂದು ನಾಲ್ಕು ಸಲ ಕೇಳಿ, ತಟ್ಟಿ, ಚುಚ್ಚಿ ನೋಡದೆ ನಾನು ಯಾರ ಹಲ್ಲಿಗೂ ಯಂತ್ರ ಮುಟ್ಟಿಸಿದವಳಲ್ಲ. ಆ ನಾನೇ ಮಗಳಿಗೆ ಅಷ್ಟು ಸಲೀಸಾಗಿ ಮಾತು ಕೊಟ್ಟು ಬಂದಿದ್ದೆ. ಅವತ್ತು ಮನೆಗೆ ಹೋಗಿ ಇಂಚರಳ ಮುಖ ನೋಡಲು ನನಗೆ ನಿಜವಾಗಿ ಕಷ್ಟವಾಯಿತು.

ಅಲ್ಲಿಂದ ಶುರುವಾದವು ಒಂದೇ ಗುಂಡಿನ ಶುಕ್ರವಾರಗಳು. ವಾರಕ್ಕೆ ಒಂದು ಗುಂಡು, ತಣ್ಣಗಿರುವ ನಳಿಗೆಯಿಂದ, ಅದೇ ಮೊದಲು, ಅದೇ ಕೊನೆ. ಹೊಡೆದಾದ ಮೇಲೆ ಖಲಾಸ್, ಫ್ಲಾಸ್ಕಿನ ಚಹಾ ಕುಡಿದು ಮನೆಗೆ. ಒಂದು ಗುಂಡಿಗಾಗಿ ಅಷ್ಟು ದೂರ ಹೋಗಿಬರುವುದನ್ನು ನೋಡಿ ಯಜಮಾನರು, "ಒಂದು ಇಡ್ಲಿ ತಿನ್ನೋಕೆ ಮೈಸೂರಿಗೆ ಹೋದ ಹಾಗಾಯ್ತು," ಎಂದು ಆಡಿಕೊಂಡರು. ಆಡಿಕೊಳ್ಳಲಿ. ನನ್ನ ಜೀವನದಲ್ಲಿ ಅಷ್ಟು ಸೊಗಸಾದ ವಾರಗಳನ್ನು ನಾನು ಕಂಡಿಲ್ಲ. ಸೋಮವಾರದಿಂದಲೇ ಮೈಯಲ್ಲಿ ಜುಮ್ಮೆನ್ನುತ್ತಿತ್ತು. ಬಾವುಟವಿಲ್ಲದೆ ಕೆನ್ನೆಯಲ್ಲಿ ಗಾಳಿಯನ್ನು ಓದಲು ಕಲಿತೆ, ಕಣ್ಣಳತೆಯಲ್ಲಿ ದೂರ ಹೇಳಲು ಕಲಿತೆ, ಓಡಿಬಂದ ಎದೆಯನ್ನು ಎರಡು ಉಸಿರಲ್ಲಿ ಸುಮ್ಮನಾಗಿಸಲು ಕಲಿತೆ. ದೂಳುಗಾಳಿಯ ಒಂದು ಬೆಳಿಗ್ಗೆ ತುಂಬ ಹೊತ್ತು ಮಲಗಿದ್ದು, ಕೊನೆಗೆ ಗುಂಡು ಹೊರತೆಗೆದು ಅವರ ಕೈಗೆ ವಾಪಸು ಕೊಟ್ಟೆ. "ಇವತ್ತು ಪಾಸಾದೆ," ಎಂದರು ಉಮ್ಮ್ ಖಾಲಿದ್. ಗುಂಡು ಹಾರಿಸದೆ ಪಾಸಾಗಬಹುದೆಂದು ನನಗೆ ಅದುವರೆಗೂ ಗೊತ್ತಿರಲಿಲ್ಲ. ಕಡೆಗೆ ಒಂದು ದೂರ ನಿಗದಿಯಾಯಿತು. ಅದರೊಳಗೆ ಹೊಡೆದರೆ ತಟ್ಟೆ ಎಂದೂ ತಪ್ಪುತ್ತಿರಲಿಲ್ಲ. "ರೈಫಲ್ ಎಷ್ಟು ದೂರ ಹೊಡೆಯತ್ತೆ ಅನ್ನೋದು ರೈಫಲ್ಲಿನ ವಿಷಯ. ಇದು ನಿನ್ನ ದೂರ. ಇದರಾಚೆ ನೀನು ಬರೀ ನೋಡುವವಳು," ಎಂದರು.

ಆಫ್ರಿಕಾದಲ್ಲಿ ಮೊದಲ ದಿನವೇ ಕೂಡೂ ಕಾಣಿಸಿತು. ತಿರುಚಿದ ಕೊಂಬಿನ ದೊಡ್ಡ ಗಂಡು ಜಿಂಕೆ, ಎದುರಿನ ಇಳಿಜಾರಿನಲ್ಲಿ ಅಡ್ಡಲಾಗಿ ನಿಂತಿತ್ತು. ನನ್ನ ದೂರದಿಂದ ಆಚೆ, ನನ್ನ ಕಪ್ಪಿನ ದೂರದಿಂದ ಎಷ್ಟೋ ಈಚೆ. ನಮ್ಮನ್ನು ಕರೆದೊಯ್ದಿದ್ದ ಅಲ್ಲಿಯ ಮಾರ್ಗದರ್ಶಿ, "ಹೊಡೀರಿ ಮೇಡಂ, ಇಂಥದ್ದು ಮತ್ತೆ ಸಿಗಲ್ಲ," ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. ಉಮ್ಮ್ ಖಾಲಿದ್ ನನ್ನ ಪಕ್ಕದಲ್ಲೇ ಮಲಗಿದ್ದರು, ಕಣ್ಣು ಜಿಂಕೆಯ ಮೇಲೇ ಇತ್ತು. ಒಂದು ಹೊಡೆದು ನೋಡೋಣ ಎಂದು ಹಳೆಯ ಕೈ ಹೇಳುತ್ತಿತ್ತು. ಹೊಡೆದು ನೋಡುವುದು ಎಂದರೆ ಏನೆಂದು ಈಗ ನನಗೆ ಗೊತ್ತಿತ್ತು. ರೈಫಲ್ಲಿನಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡೆ. ಜಿಂಕೆ ಸಾವಕಾಶವಾಗಿ ಗುಡ್ಡ ಹತ್ತಿ ಮರೆಯಾಯಿತು. ಮಾರ್ಗದರ್ಶಿ ದಾರಿಯುದ್ದಕ್ಕೂ ನನ್ನ ಜೊತೆ ಮಾತು ಬಿಟ್ಟ.

ಮಾರನೆಯ ದಿನ ಇನ್ನೊಂದು ಸಿಕ್ಕಿತು. ಗಾಳಿ ಮುಖಕ್ಕೆ ಬೀಸುವಂತೆ ಬಳಸಿಕೊಂಡು, ಮುಳ್ಳಿನ ಮೇಲೆ ಹೊಟ್ಟೆ ಎಳೆದುಕೊಂಡು, ಮೊಣಕೈ ತರಚಿಕೊಂಡು ಹೋದೆ. ನನ್ನ ದೂರದೊಳಗೆ ಬಂದೆ, ಸಾಲದು ಎಂದು ಇನ್ನೂ ಮುಂದೆ ಹೋದೆ. ಅದು ಕಿವಿ ಅಲ್ಲಾಡಿಸಿ ನೊಣ ಓಡಿಸುವುದು ಕಾಣುವಷ್ಟು ಹತ್ತಿರ. ಮನಸ್ಸಿನಲ್ಲೇ ಮಾದಪ್ಪನನ್ನು ನೆನೆದೆ. ಎರಡು ಉಸಿರು. ಹೊಡೆದ ಸದ್ದು ನನಗೆ ಕೇಳಿಸಲೇ ಇಲ್ಲ. ಜಿಂಕೆ ನಿಂತಲ್ಲೇ ಕುಸಿಯಿತು, ಒಂದು ಹೆಜ್ಜೆಯೂ ಇಡಲಿಲ್ಲ. ಎದ್ದು ಕುಣಿಯಬೇಕು ಅನ್ನಿಸಿತು. ಹತ್ತಿರ ಹೋಗಿ ಕುತ್ತಿಗೆಯ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು, ಅಳು ಬಂತು. ಎರಡೂ ನಿಜ, ಯಾವುದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಮಾಂಸವೆಲ್ಲ ನಾವು ಇಳಿದುಕೊಂಡಿದ್ದ ತೋಟದಮನೆಯ ಅಡುಗೆಮನೆಗೆ ಹೋಯಿತು, ಅವತ್ತಿನ ಊಟ ನಾನೂ ಮಾಡಿದೆ.

ಕುವೈತಿಗೆ ಮರಳಿದ ಮೇಲೆ ಕನ್ನಡದವರ ಯುಗಾದಿ ಊಟದಲ್ಲಿ ಎಲ್ಲರದೂ ಒಂದೇ ಪ್ರಶ್ನೆ, ಎಷ್ಟು ದೂರದಿಂದ? ಹೇಳಿದೆ. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಒಬ್ಬರು, "ಅಷ್ಟು ಹತ್ರ ಹೋದ್ಮೇಲೆ ಕಲ್ಲಲ್ಲೇ ಹೊಡೀಬೋದಿತ್ತಲ್ಲ ಡಾಕ್ಟ್ರೇ," ಎಂದರು. ಸಾಲಿಗೆ ಸಾಲೇ ನಕ್ಕಿತು, ನಾನೂ ನಕ್ಕೆ. ಕಪ್ಪು ಗೆದ್ದಾಗಲೂ ಅಷ್ಟು ಜಂಬ ಪಟ್ಟಿರಲಿಲ್ಲ.

ಇಂಚರ ಮಾತ್ರ ದೂರ ಕೇಳಲಿಲ್ಲ. ಎರಡು ದಿನ ಏನನ್ನೂ ಕೇಳದೆ ಓಡಾಡಿಕೊಂಡಿದ್ದಳು. ಆಮೇಲೆ ನಾನು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ, ಮುಖ ತಿರುಗಿಸದೆಯೇ, "ಡಿಡ್ ಇಟ್ ನೋ? ಗೊತ್ತಾಯ್ತಾ ಅದಕ್ಕೆ?" ಎಂದಳು.

"ಇಲ್ಲ ಮಗಳೇ. ಮೇಯ್ತಾ ಇತ್ತು, ಅಷ್ಟೇ."

ಮೊದಲನೆಯ ದಿನದ್ದನ್ನೂ ಹೇಳಿದೆ. "ಐ ಲೈಕ್ ದಟ್ ಒನ್ ಬೆಟರ್," ಎಂದಳು. ನಾನು ಜಡೆ ಹೆಣೆಯತೊಡಗಿದೆ.

ಈ ವರ್ಷವೂ ಹೊರಡುವ ಕಾಲ ಹತ್ತಿರವಾಗುತ್ತಿದೆ, ಶುಕ್ರವಾರಗಳು ಮತ್ತೆ ಶುರುವಾಗಿವೆ, ನನ್ನ ಮೈ ಮತ್ತೆ ಸೋಮವಾರದಿಂದಲೇ ಜುಮ್ಮೆನ್ನುತ್ತಿದೆ. ಇವತ್ತು ಕ್ಲಬ್ಬಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಇಂಚರ ಪುಸ್ತಕದಿಂದ ತಲೆ ಎತ್ತದೆ, "ಹೊಡೆದ್ಯಾ?" ಎಂದಳು.

"ಇಲ್ಲ ಕಣೇ. ತುಂಬ ಹೊತ್ತು ಕಾದೆ. ಧೈರ್ಯ ಬರಲಿಲ್ಲ, ವಾಪಸ್ ಕೊಟ್ಟುಬಿಟ್ಟೆ."

ಅವಳು ಹಾಳೆ ತಿರುಗಿಸಿದಳು.

"ಗುಡ್ ಶಾಟ್, ಅಮ್ಮಾ," ಎಂದಳು.