ಕಲ್ಲಿನ ಸಿಂಹಕ್ಕೆ ಕುಂಕುಮ ಹಚ್ಚಿದವರು

ಸಿಂಗಾಪುರದ ಚೀನೀ ಕೇರಿಯ ಒಂದು ಗುಡಿಯ ಬಾಗಿಲಲ್ಲಿ ನನ್ನ ತಮ್ಮ ಮಾಡಿದ ತಪ್ಪನ್ನು ನನ್ನ ತಲೆಗೆ ಕಟ್ಟಲಾಯಿತು. ಕಟ್ಟಿದವನು ಅವನೇ. ಪಕ್ಕದಲ್ಲಿದ್ದ ಅವನ ಹೆಂಡತಿ ಎಲ್ಲವನ್ನೂ ಕಂಡು ಸುಮ್ಮನಿದ್ದಳು. ಊರಿಗೆ ಮರಳಿದ ಮೇಲೆ ಅದು ಗದಗ-ಬೆಟಗೇರಿಯ ಮನೆಗಳಲ್ಲಿ ನಗುವ ಕಥೆಯಾಯಿತು. ಇದುವರೆಗೆ ಯಾರೂ ಅದನ್ನು ತಿದ್ದದ ಕಾರಣ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಶಿರಹಟ್ಟಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ತಮ್ಮನದು ಗದುಗಿನಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಪೇಟೆಯ ವ್ಯಾಪಾರಸ್ಥರು ಕುಟುಂಬ ಸಮೇತ ಪ್ರವಾಸ ಹೊರಟಾಗ, "ಅಕ್ಕಾ, ನೀನೂ ಬಾ. ಒಬ್ಬಾಕಿನ ಕುಂತು ಏನ್ ಮಾಡ್ತಿ?" ಎಂದು ಕರೆದ. ಆ ಕರೆ ಪ್ರೀತಿಯದೇ ಆಗಿತ್ತು. ಅದನ್ನೂ ಹೇಳುವುದು ನ್ಯಾಯ.

ಅಲ್ಲಿ ಹಳೆಯ ಪೇಟೆಯನ್ನು ನೋಡಲು ನಮ್ಮನ್ನು ಒಂದು ಇಡೀ ದಿನ ಬಿಟ್ಟರು. ನಾನು ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ. ಬಸದಿ, ಗುಡಿ, ಮಸೀದಿಗಳ ನಡುವೆ ಓಡಾಡಿ ಬೆಳೆದವಳಿಗೆ ಆ ಬೀದಿಗಳು ಪರಕೀಯವೆನಿಸಲಿಲ್ಲ. ತಮಿಳರ ಓಣಿಯಲ್ಲಿ ಮಲ್ಲಿಗೆಯ ರಾಶಿ, ಹುರಿದ ಮಸಾಲೆಯ ಘಾಟು. ಬಂಗಾರದ ಬಣ್ಣದ ಗುಮ್ಮಟವಿದ್ದ ಮಸೀದಿಯ ಸುತ್ತ ಬಟ್ಟೆಯಂಗಡಿಗಳು. ಅಲ್ಲೊಬ್ಬ ವೃದ್ಧ ವ್ಯಾಪಾರಿ ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿ ತೋರಿಸಿದ ರೀತಿ ಬೆಟಗೇರಿಯ ಸೀರೆ ವ್ಯಾಪಾರಿಗಳದ್ದೇ. ಚೀನೀ ಕೇರಿಯಲ್ಲಿ ಅಂಗಡಿಗಳ ಮುಂದಿನ ನೆರಳಿನ ದಾರಿಯಲ್ಲೇ ಬಿಸಿಲು ತಾಗದಂತೆ ನಡೆಯಬಹುದಿತ್ತು. ತಲೆಯ ಮೇಲೆ ಕೆಂಪು ಕಾಗದದ ದೀಪಗಳು, ಕಾಲಬಳಿ ಔಷಧಿ ಬೇರುಗಳ ಬುಟ್ಟಿಗಳು. ಒಣಮೀನಿನ ಅಂಗಡಿಯೊಂದರ ಮುಂದೆ ನಮ್ಮವರು ಮೂಗು ಮುಚ್ಚಿ, "ಏನ್ ನಾತಪಾ ಇದು!" ಎಂದು ನಗುತ್ತ ಓಡಿದರು. ಒಳಗೆ ಕುಳಿತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಆ ದಿನದ ಮೊದಲ ನಾಚಿಕೆ ಅದು.

ಅದೇ ಬೀದಿಯಲ್ಲಿ ಮಾರಿಯಮ್ಮನ ಗುಡಿಯಿದೆಯೆಂದು ಕೇಳಿ ನಾನು ಕುಂಕುಮದ ಭರಣಿಯನ್ನು ಚೀಲದಲ್ಲಿಟ್ಟುಕೊಂಡಿದ್ದೆ. ಅದಕ್ಕೂ ಮೊದಲು ಚೀನೀಯರ ಗುಡಿಯೊಂದು ಎದುರಾಯಿತು. ಬಾಗಿಲಿನ ಎರಡೂ ಬದಿಗೆ ಕಲ್ಲಿನ ಸಿಂಹಗಳು.

"ಅಕ್ಕಾ, ಆ ಭರಣಿ ಕೊಡಿಲ್ಲೆ," ಎಂದ ತಮ್ಮ.

"ಯಾಕೋ?"

"ಸಿಂಹ ಅಂದ್ರ ಅವ್ವನ ವಾಹನ. ಇಷ್ಟ್ ದೂರ ಬಂದು ಕುಂಕುಮ ಇಲ್ಲದ ಅದರ ಹಣಿ ನೋಡ್ಕೋತ ಹೋಗೂದೇನು?"

"ಅದು ಅವರ ಗುಡಿ. ಕೇಳದ ಮುಟ್ಟಬ್ಯಾಡ."

"ನೀ ಇನ್ನೂ ಸಾಲ್ಯಾಗ ಅದಿ ನೋಡು!" ಎಂದವನೇ ನನ್ನ ಚೀಲಕ್ಕೆ ಕೈಹಾಕಿ ಭರಣಿ ತೆಗೆದುಕೊಂಡ. ಸಿಂಹದ ಹಣೆಯ ಮೇಲೆ ಹೆಬ್ಬೆರಳಿನಿಂದ ಉದ್ದಕ್ಕೆ ಕುಂಕುಮ ಎಳೆದು, ಅದರ ಕೊರಳಿಗೆ ಕೈಹಾಕಿ ನಿಂತ. ಹೆಂಡತಿ ಫೋಟೋ ತೆಗೆದಳು. "ಸ್ವಲ್ಪ ನಗ್ರಿ. ಸಿಂಹನ ನಿಮಗಿಂತ ಛಂದ ನಗಾಕತ್ತೈತಿ," ಎಂದಳು.

ಒಳಗಿನಿಂದ ಗುಡಿಯನ್ನು ನೋಡಿಕೊಳ್ಳುವ ಮುದುಕ ಬಂದ. ಹೆಚ್ಚುಕಡಿಮೆ ನನ್ನದೇ ವಯಸ್ಸು. ತಮ್ಮ ಭರಣಿಯನ್ನು ನನ್ನ ಕೈಗೆ ತುರುಕಿದ. ಯಾರು ಹೀಗೆ ಮಾಡಿದವರು ಎಂದು ಮುದುಕ ಇಂಗ್ಲಿಷಿನಲ್ಲಿ ಕೇಳಿದಾಗ ತಮ್ಮ ನನ್ನತ್ತ ಬೆರಳು ತೋರಿಸಿದ.

"ಓಲ್ಡ್ ಲೇಡಿ. ವಿಲೇಜ್. ನೋ ಎಜುಕೇಶನ್."

ಆ ಭಾಷೆಯ ಮೊದಲ ಅಕ್ಷರಗಳನ್ನು ಅವನ ಕೈಹಿಡಿದು ತಿದ್ದಿಸಿದವಳು ನಾನು.

ಮುದುಕ ಸಿಟ್ಟಾಗಿದ್ದರೆ ಸಹಿಸಬಹುದಿತ್ತು. ಆತ ಸಿಟ್ಟಾಗಲಿಲ್ಲ. ಕೂಸಿಗೆ ತಿಳಿಹೇಳುವಂತೆ ಸಿಂಹವನ್ನು ತೋರಿಸಿ, ಕೈಯಾಡಿಸಿ, ಮುಟ್ಟಬಾರದೆಂದು ಸನ್ನೆ ಮಾಡಿದ. ಬಳಿಕ ನಾನು ಹೆದರಿರಬಹುದೆಂದು ನಮ್ಮವರಂತೆಯೇ ಕೈಜೋಡಿಸಿ ನಮಸ್ಕರಿಸಿದ. ನಾನು ಸೆರಗಿನಿಂದ ಒರೆಸಲು ಹೋದೆ. ಕುಂಕುಮ ಕಲ್ಲಿನ ಗೀರುಗಳೊಳಗೆ ಇಳಿದು ಇನ್ನಷ್ಟು ಹರಡಿತು. ಆತ ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಒದ್ದೆ ಬಟ್ಟೆ ತಂದು ತಾನೇ ಒರೆಸತೊಡಗಿದ. ಕ್ಷಮೆ ಕೇಳುವ ಇಂಗ್ಲಿಷ್ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಆಡಿದರೆ, ಅಷ್ಟರಲ್ಲಿ ಬಂದು ಸೇರಿದ್ದ, ದಿನಬೆಳಗಾದರೆ ಅವನೊಡನೆ ವ್ಯವಹಾರ ಮಾಡುವ ಪೇಟೆಯ ಮಂದಿಯ ಎದುರು ತಮ್ಮ ಸುಳ್ಳನಾಗುತ್ತಿದ್ದ. ಆಡಲಿಲ್ಲ.

ಬಸ್ಸು ಹತ್ತುವ ಮೊದಲೇ ಕಥೆ ಶುರುವಾಯಿತು. "ಅಕ್ಕಾರ, ನಿಮ್ಮನ್ನ ಜೇಲಿಗೆ ಹಾಕಿದ್ರ ರೊಟ್ಟಿ ಯಾರು ಕೊಡ್ತಿದ್ರು?" ಎಂದಳು ತಮ್ಮನ ಹೆಂಡತಿ. ಎಲ್ಲರೂ ನಕ್ಕರು.

ಮೊನ್ನೆ ಗದುಗಿನಲ್ಲಿ ಸಂಬಂಧಿಕರ ಮನೆಯ ಬಸುರಿ ಮಗಳ ಕುಬಸದ ಊಟದಲ್ಲಿ ತಮ್ಮ ಅದೇ ಕಥೆಯನ್ನು ಅಭಿನಯಿಸಿ ಹೇಳಿದ. ನನ್ನ ಪಕ್ಕದಲ್ಲಿ ಬೆಳ್ಳಟ್ಟಿಯ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ನನ್ನ ವಿದ್ಯಾರ್ಥಿನಿ, ಈಗ ಅವಳೂ ಶಿಕ್ಷಕಿ. ಅವಳು ನಗಲಿಲ್ಲ.

"ಖರೇನ್ರಿ ಅಕ್ಕೋರ? ಮಂದಿ ಮನಿ ಬಾಗಲದಾಗ ಹೆಂಗ ನಿಂದ್ರಬೇಕು ಅಂತ ನಮಗ ಕಲಿಸಿದಾಕಿ ನೀವಲ್ಲೇನ್ರಿ?"

ಎದುರು ಸಾಲಿನಲ್ಲಿ ತಮ್ಮ, ಕೈಯಲ್ಲಿ ಹೋಳಿಗೆಯ ತುತ್ತು ಹಿಡಿದು ನನ್ನ ಮುಖ ನೋಡಿದ. ಅವನ ಹೆಂಡತಿ ಎಲೆ ನೋಡಿದಳು.

"ಊಟ ಮಾಡವಾ, ಆರಾಕತ್ತೈತಿ," ಎಂದೆ. ಆ ಹುಡುಗಿ ಹೌದೆಂದೇ ತಿಳಿದುಕೊಂಡಳು. ನಾನು ತಲೆ ತಗ್ಗಿಸಿದೆ.

ತಮ್ಮಾ, ಒಂದೇ ಮಾತಿನಲ್ಲಿ ನೀನು ನನ್ನನ್ನು ಬಿಡಿಸಬಹುದಿತ್ತು. ನಿನ್ನ ಹೆಂಡತಿಯೂ ಬಿಡಿಸಬಹುದಿತ್ತು. ನನ್ನ ವಿದ್ಯಾರ್ಥಿನಿಯ ಎದುರು ನಾನು ತಲೆ ತಗ್ಗಿಸಿದ್ದನ್ನು ಕಂಡ ಮೇಲೂ, ಆ ತುತ್ತು ನಿನ್ನ ಗಂಟಲಲ್ಲಿ ಇಳಿದದ್ದಾದರೂ ಹೇಗೆ?