ಠಣ್ ಮೇಸ್ತ್ರಿಯ ಕಿವಿ

ಗಾಡಿಯ ಚಕ್ರದ ಬ್ರೇಕ್ ಡ್ರಮ್ಮನ್ನು ಹೆರೆಯಲು ಲೇತ್ ಮೆಷಿನ್ನಿಗೆ ಏರಿಸುವ ಮೊದಲು ಕೊಕ್ಕೆಗೆ ತೂಗುಹಾಕಿ, ಸುತ್ತಿಗೆಯಿಂದ ಒಮ್ಮೆ ತಟ್ಟುವುದು ಮೇಸ್ತ್ರಿಯ ಪದ್ಧತಿ. ಗಟ್ಟಿಯಾಗಿದ್ದರೆ ಗಂಟೆಯ ಹಾಗೆ ಠಣ್ಣೆನ್ನುತ್ತದೆ, ಬಿರುಕು ಬಿಟ್ಟಿದ್ದರೆ ಒಡಕು ಮಡಕೆಯ ಹಾಗೆ ದಬ್ಬೆನ್ನುತ್ತದೆ. ಠಣ್ಣೆಂದರೆ ಸವೆದ ಒಳಮೈ ಹೆರೆದು ನುಣುಪು ಮಾಡಿಕೊಡುವುದು, ದಬ್ಬೆಂದರೆ ಗುಜರಿಗೆ. ಈ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಅದಕ್ಕೇ ಡ್ರೈವರುಗಳು ಅವನನ್ನು ಠಣ್ ಮೇಸ್ತ್ರಿ ಎನ್ನುತ್ತಿದ್ದರು. ಹಾಗೆ ಕರೆದಾಗಲೆಲ್ಲ ಅವನೂ ಸ್ವಲ್ಪ ಉಬ್ಬುತ್ತಿದ್ದ.

ಈಚೆಗೆ ಮಾತ್ರ ಯಾವ ಡ್ರಮ್ಮೂ ಠಣ್ಣೆನ್ನುತ್ತಿರಲಿಲ್ಲ. ಹೊಚ್ಚ ಹೊಸದೂ ದಬ್ಬೆಂದಾಗ, ಕೆಟ್ಟಿರುವುದು ಡ್ರಮ್ಮಲ್ಲ, ತನ್ನ ಕಿವಿ ಎಂದು ಮೇಸ್ತ್ರಿಗೆ ಅರ್ಥವಾಯಿತು. ಜೀವಮಾನವೆಲ್ಲ ಕಬ್ಬಿಣದ ಕಿರುಚಾಟ ಕೇಳಿದ ಕಿವಿ, ಪಾಪ, ಇನ್ನೆಷ್ಟು ತಾಳೀತು! ಅವನು ಯಾರಿಗೂ ಹೇಳಲಿಲ್ಲ. ಹೇಳಿಬಿಟ್ಟರೆ ಠಣ್ ಮೇಸ್ತ್ರಿಗೆ ಇನ್ನು ಉಳಿಯುವುದಾದರೂ ಏನು? ತಟ್ಟುತ್ತಿದ್ದ, ತಲೆ ವಾಲಿಸಿ ಕೇಳಿದಂತೆ ನಟಿಸುತ್ತಿದ್ದ, ಕಣ್ಣಂದಾಜಿನಲ್ಲಿ ತೀರ್ಪು ಕೊಡುತ್ತಿದ್ದ. ಆಮೇಲೆ ಶೆಡ್ಡಿನ ಮುಂದಿನ ಇಳಿಜಾರಿನಲ್ಲಿ ಬರುವ ಪ್ರತಿ ಗಾಡಿಯೂ ನಿಲ್ಲುವವರೆಗೆ ಜೀವ ಕೈಯಲ್ಲಿ ಹಿಡಿದಿರುತ್ತಿದ್ದ.

ಅದೇ ಶೆಡ್ಡಿನ ಬಾಗಿಲ ಬಳಿ ಅವನ ಹೆಂಡತಿ ಗಾಡಿಗಳ ಸೀಟ್ ಕವರ್ ಹೊಲಿಯುತ್ತಿದ್ದಳು. ಗಂಡನ ಕೆಲಸದಲ್ಲಿ ಮೂಗು ತೂರಿಸಿದವಳಲ್ಲ. ಮನೆಯಲ್ಲಿ ಹತ್ತು ಸಲ ಕೂಗಿದ ಮೇಲೆ ಅವನು ತಿರುಗುವುದನ್ನು ಕಂಡಿದ್ದಳು. ಆದರೆ ಹೆಂಡತಿ ಕರೆದರೆ ಕೇಳಿಸಿಕೊಳ್ಳದಿರುವುದು ಗಂಡಂದಿರ ಹಳೇ ಚಾಳಿ ಎಂದುಕೊಂಡು ಸುಮ್ಮನಿದ್ದಳು.

ಒಂದು ದಿನ ಶಾಲಾ ವ್ಯಾನಿನ ಡ್ರೈವರ್ ಡ್ರಮ್ಮು ತಂದ. ಮೇಸ್ತ್ರಿ ತಟ್ಟಿದ, ತಲೆ ವಾಲಿಸಿದ.

“ಗಟ್ಟಿಯಾಗಿದೆ. ಹೆರೆದುಕೊಡ್ತೀನಿ, ಕೂತ್ಕೋ.”

ಹೊಲಿಗೆ ಯಂತ್ರ ನಿಂತಿತು. “ರೀ,” ಎಂದಳು ಹೆಂಡತಿ. ಅವನಿಗೆ ಕೇಳಿಸಲಿಲ್ಲ. ಎದ್ದುಬಂದು ಅವನ ತೋಳು ಹಿಡಿದು, “ಅದು ಒಡೆದಿದೆ ಕಣ್ರೀ. ದಬ್ ಅಂತು,” ಎಂದು ಜೋರಾಗಿ ಹೇಳಿದಳು.

“ನೀನು ನಿನ್ನ ಸೂಜಿ ದಾರ ನೋಡ್ಕೋ!” ಗಿರಾಕಿಯ ಎದುರಿಗಾದ ಅವಮಾನಕ್ಕೆ ಅವನ ಮುಖ ಕೆಂಪೇರಿತ್ತು.

ಅವಳು ಡ್ರಮ್ಮಿಗೆ ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಬಟ್ಟೆಗೆ ಗುರುತು ಹಾಕುವ ತನ್ನ ಸೀಮೆಸುಣ್ಣವನ್ನು ಅದರ ಮೇಲೆ ಉಜ್ಜಿದಳು. ಕೆಲಸ ಶುರುಮಾಡಿದ ಕಾಲದಲ್ಲಿ ಅವನೇ ಮಾಡುತ್ತಿದ್ದ ಪರೀಕ್ಷೆ ಅದು. ಕಿವಿಯೊಂದೇ ಸಾಕೆಂಬ ಜಂಬದಲ್ಲಿ ಬಿಟ್ಟುಬಿಟ್ಟಿದ್ದ. ಮೂವರೂ ಬಗ್ಗಿ ನೋಡಿದರು. ಬಿರುಕಿಗಿಳಿದಿದ್ದ ಎಣ್ಣೆ ಒಸರಿ, ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಒದ್ದೆ ಗೆರೆ ಮೆಲ್ಲಗೆ ಮೂಡಿತು.

“ಅಯ್ಯೋ, ಮಕ್ಕಳು ಕೂರೋ ಗಾಡಿ ಅಕ್ಕಾ!” ಎಂದ ಡ್ರೈವರ್.

ಮೇಸ್ತ್ರಿ ಆ ಗೆರೆಯ ಮೇಲೆ ಬೆರಳಾಡಿಸಿದ. ಗಿರಾಕಿ ಇದ್ದಾನೆಂಬುದನ್ನೂ ಮರೆತ.

“ನನಗೆ ಕೇಳಿಸ್ತಿಲ್ಲ ಕಣೇ. ಎಷ್ಟೋ ದಿನದಿಂದ ಕೇಳಿಸ್ತಿಲ್ಲ. ಇಂಥವು ಇನ್ನೆಷ್ಟು ಕೊಟ್ಟು ಕಳಿಸಿದ್ದೀನೋ!”

“ಎಲ್ಲಾ ವಾಪಸ್ ತರಿಸೋಣ. ಹೇಳೋಕೆ ನಿಮಗೆ ನಾಚಿಕೆಯಾದ್ರೆ ನಾನು ಹೇಳ್ತೀನಿ.”

“ಬೇಡ,” ಎಂದ ಅವನು. “ನಾನೇ ಹೇಳ್ತೀನಿ.”

ಡ್ರೈವರುಗಳಿಗೆಲ್ಲ ಅವನೇ ಹೇಳಿದ. ಕೆಲವರು ನಕ್ಕರು, ಕೆಲವರು ಬೈದರು, ಆದರೂ ಡ್ರಮ್ಮುಗಳು ಒಂದೊಂದಾಗಿ ಮರಳಿ ಬಂದವು. ಮೊದಲನೆಯದನ್ನು ಕೊಕ್ಕೆಗೆ ಹಾಕಿ ಮೇಸ್ತ್ರಿ ತಟ್ಟಿದ. ಈ ಸಲ ತಲೆ ವಾಲಿಸಲಿಲ್ಲ, ಬಾಗಿಲ ಕಡೆ ತಿರುಗಿ ಹೆಂಡತಿಯ ಮುಖ ನೋಡಿದ.